ಬೇಡ ಅಂದವರಿಗೆ ಒಬ್ಬಟ್ಟು

ಮೊನ್ನೆ ಭಾನುವಾರ ನಮ್ಮ ಯಜಮಾನರು ಒಬ್ಬಟ್ಟಿಲ್ಲದೆ ಹಬ್ಬದ ಊಟ ಮುಗಿಸುವುದರಲ್ಲಿದ್ದರು. ಬೇಡ ಅಂದಿದ್ದು ಅವರೇ, ಒಪ್ಪಿದೆ. ಆದರೆ ಬೇಡ ಅಂದವರಿಗೆ ಬಡಿಸದೆ ಮುಂದಕ್ಕೆ ಹೋಗೋದು ಯಾವ ಊರಿನ ನ್ಯಾಯ?

ಈ ಅನ್ಯಾಯ ನಡೆದದ್ದು ಮೆಲ್ಬರ್ನ್‌ನಲ್ಲಿ, ನಮ್ಮ ಗ್ಲೆನ್ ವೇವರ್ಲಿಯ ಸ್ಕೂಲ್ ಹಾಲೊಂದರಲ್ಲಿ, ಕನ್ನಡದವರೆಲ್ಲ ಸೇರಿ ಇಟ್ಟುಕೊಂಡಿದ್ದ ಗಣೇಶನ ಹಬ್ಬದ ಊಟದಲ್ಲಿ. ಮಾಡಿದವರು ನನ್ನ ಮಗನ ಫುಟ್‌ಬಾಲ್ ಟೀಮಿನ ಹುಡುಗರು.

ಮಗ ಶಶಾಂಕ (ಟೀಮಿನವರ ಬಾಯಲ್ಲಿ 'ಶ್ಯಾಶ್') ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಉಳಿದ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್. ಹಾಗಂದರೆ? ಅಮೆರಿಕದವರ ಫುಟ್‌ಬಾಲ್ ಇದೆಯಲ್ಲ, ತಲೆಗೆ ಹೆಲ್ಮೆಟ್, ಭುಜಕ್ಕೆ ದಿಂಬಿನಂಥ ಪ್ಯಾಡ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದರಲ್ಲಿ ಬಾಲನ್ನು ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಅಂತ ತೀರ್ಮಾನ ಮಾಡುವವನು ಕ್ವಾರ್ಟರ್‌ಬ್ಯಾಕ್. ಅಮೆರಿಕದ ನನ್ನ ತಮ್ಮ ಕಳಿಸಿದ ವಿಡಿಯೋ ಕ್ಯಾಸೆಟ್ ನೋಡಿ ಇವನಿಗೆ ಹುಚ್ಚು ಹಿಡಿಯಿತು. ಮೆಲ್ಬರ್ನ್‌ನವರಿಗೆ ಫುಟಿ ಅನ್ನುವ ತಮ್ಮದೇ ಆಸ್ಟ್ರೇಲಿಯನ್ ಫುಟ್‌ಬಾಲ್ ಇರುವಾಗ ಇದನ್ನು ಕೇಳುವವರು ಯಾರು? ಮ್ಯಾಚ್ ನೋಡಲು ಬರುವವರು ಆಟಗಾರರ ಗರ್ಲ್‌ಫ್ರೆಂಡ್‌ಗಳು, ವಾಕಿಂಗಿಗೆ ಬಂದ ನಾಯಿಗಳು ಮತ್ತು ನಾನು.

ಇವನ ಕೆರಿಯರ್ ಚಿಕ್ಕದು. ಮೊದಲ ವರ್ಷ ಗೆರೆಯಾಚೆ ನಿಂತು ಆಡುವವರಿಗೆ ನೀರು ಕೊಟ್ಟ. ಎರಡನೇ ವರ್ಷ ಆಡಿದ, ಕಾಲರ್‌ಬೋನ್ ಮುರಿದುಕೊಂಡ. ಈ ವರ್ಷ ಟೀಮಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಅವನೇ. ಡಿಗ್ರಿ ಮುಗಿಯುತ್ತಿದೆ, ಹಾಗಾಗಿ ಆಟವೂ ಇಷ್ಟೇ. ಕೊನೆಯ ಮ್ಯಾಚ್ ಸಿಡ್ನಿಯಲ್ಲಿ.

"ಸಿಡ್ನಿಗೆ ಹೋಗೋದು ಬೇಡ" ಅಂದರು ಯಜಮಾನರು. "ಎಲ್ರೂ ಓಡ್ತಾರೆ. ಇವ್ನು ಹಿಂದೆ ನಿಂತ್ಕೊಂಡು ಬಾಲ್ ಇನ್ನೊಬ್ಬನಿಗೆ ದಾಟಿಸಿ ದೊಪ್ಪಂತ ಬೀಳ್ತಾನೆ. ಅಷ್ಟಕ್ಕೆ ಮತ್ತೆ ಮೂಳೆ ಮುರ್ಕೋಬೇಕಾ?"

ಇದು ಸಿಟ್ಟಲ್ಲ, ಭಯ. ಹೋದ ವರ್ಷ ಆಸ್ಪತ್ರೆಯಲ್ಲಿ ಮಗನ ಶರ್ಟನ್ನು ಕತ್ತರಿಸಿ ತೆಗೆಯುವಾಗ ಇವರು ಗೋಡೆಯ ಕಡೆ ತಿರುಗಿ ನಿಂತಿದ್ದನ್ನು ನಾನು ನೋಡಿದ್ದೇನೆ. ನನಗೂ ಭಯವಿದೆ. ಆದರೆ ಹುಡುಗ ಒಂದು ಮಾತೂ ವಾದಿಸದೆ "ಓಕೆ, ಅಪ್ಪ" ಅಂದು ರೂಮಿಗೆ ಹೋದ. ಕಿರುಚಾಡಿದ್ದರೆ ಎಷ್ಟೋ ವಾಸಿ ಇತ್ತು.

ಇನ್ನು ಊಟಕ್ಕೆ ಬರೋಣ. ಟೇಬಲ್ ಹೊರಲು ಜನ ಬೇಕು ಅಂತ ಶಶಾಂಕನಿಗೆ ಹೇಳಿದ್ದೆ. ಅವನು ಟೀಮಿನ ಐದಾರು ಜನರನ್ನು ಕರೆತಂದ. ಒಬ್ಬೊಬ್ಬನೂ ಫ್ರಿಜ್ಜಿನಷ್ಟು ಅಗಲ. ಟೇಬಲ್ ಹಾಕಿದ್ದಾಯಿತು, ಜನ ಸಾಲಾಗಿ ಕೂತಿದ್ದೂ ಆಯಿತು. ಬಡಿಸುವವರೇ ಇಲ್ಲ! ಪ್ರತಿ ವರ್ಷ ಬಡಿಸುವ ಅಂಕಲ್‌ಗಳೆಲ್ಲ ಊಟದ ನಂತರದ ನಾಟಕಕ್ಕೆ ಮೀಸೆ ಅಂಟಿಸಿಕೊಳ್ಳುತ್ತಾ ಗ್ರೀನ್‌ರೂಮ್ ಸೇರಿದ್ದರು.

ಶಶಾಂಕ ಹುಡುಗರನ್ನು ಅಡುಗೆಮನೆ ಬಾಗಿಲಲ್ಲಿ ಗುಂಪಾಗಿ ನಿಲ್ಲಿಸಿ ಪಿಸುಪಿಸು ಏನೋ ಹೇಳಿದ. ಹೊರಟರು ನೋಡಿ! ಕೋಸಂಬರಿ, ಪಲ್ಯ, ಅನ್ನ. ಅನ್ನದ ಹಿಂದೆ ತೊವ್ವೆ, ತೊವ್ವೆಯ ಹಿಂದೆ ತುಪ್ಪ. ಹುಳಿಯ ಬಕೆಟ್ ಹಿಡಿದವನ ಮುಂದೆ ಒಬ್ಬ ದೈತ್ಯ, ಅಡ್ಡ ಓಡುವ ಮಕ್ಕಳನ್ನು ಎತ್ತಿ ಪಕ್ಕಕ್ಕಿಡಲು. ನನ್ನ ಮಗ ಹಾಲಿನ ತುದಿಯಲ್ಲಿ ನಿಂತು ಬೆರಳು ತೋರಿಸುತ್ತಿದ್ದ, ಅಷ್ಟೇ. ಇಷ್ಟು ಚೊಕ್ಕವಾದ ಪಂಕ್ತಿ ನಮ್ಮ ಅಂಕಲ್‌ಗಳ ಕಾಲದಲ್ಲಿ ನಡೆದದ್ದಿಲ್ಲ (ಅವರು ಇದನ್ನು ಓದಿದರೂ ಪರವಾಗಿಲ್ಲ).

ಒಬ್ಬಟ್ಟಿನಲ್ಲಿ ಎಡವಟ್ಟಾಯಿತು. ನಮ್ಮ ಯಜಮಾನರು ಸಂಪ್ರದಾಯದಂತೆ "ಅಯ್ಯೋ, ನೋ ನೋ, ಸಾಕು" ಅಂದರು. ಆ ಹುಡುಗ ಮರ್ಯಾದಸ್ಥ. "ನೋ ವರೀಸ್, ಮೇಟ್" ಅಂದು ಮುಂದೆ ಹೋದ. ಪಕ್ಕದವರೂ "ಬೇಡ" ಅಂದರು, ಅವರಿಗೂ ಇಲ್ಲ. ಇಡೀ ಸಾಲು ಬೇಡ ಬೇಡ ಅನ್ನುತ್ತಾ, ದೂರ ಸಾಗುತ್ತಿರುವ ತಟ್ಟೆಯನ್ನೇ ನೋಡುತ್ತಾ ಕೂತುಬಿಟ್ಟಿತು. ಬಾಯಿಬಿಟ್ಟು ಕೇಳೋಣ ಅಂದರೆ ಮಾನ ಅಡ್ಡ ಬರುತ್ತೆ. ನಾವು ಎಂಥ ಜನ ಅಂತೀನಿ!

ಶಶಾಂಕ ದೂರದಿಂದಲೇ ಇದನ್ನು ನೋಡಿದ. ಹುಡುಗರನ್ನು ಮತ್ತೆ ಗುಂಪು ಸೇರಿಸಿದ.

"ಗೈಸ್, ಡೋಂಟ್ ಲಿಸನ್ ಟು ದೆಮ್. ವಾಚ್ ದ ಹ್ಯಾಂಡ್ಸ್."

ಅವನು ಹೇಳಿಕೊಟ್ಟ ರೂಲ್ ಇಷ್ಟೇ: ಒಂದು ಕೈ ಎತ್ತಿ ಬೇಡ ಅಂದರೆ ಹಾಕಿ. ಎರಡೂ ಕೈ ಎಲೆಗೆ ಅಡ್ಡ ಹಿಡಿದು ಬಗ್ಗಿದರೆ ಮಾತ್ರ ಮುಂದೆ ಹೋಗಿ. (ಪೇಪರ್ ಪ್ಲೇಟ್ ಆದರೂ ನಮಗದು ಎಲೆಯೇ.) ಒಬ್ಬಟ್ಟು ಎರಡನೇ ಸಲ ಹೊರಟಿತು. ಯಜಮಾನರು ಮತ್ತೆ ಬೇಡ ಅಂದರು, ಒಂದು ಕೈಯಲ್ಲಿ. ಬಿತ್ತು ಎರಡು. ಮೇಲೆ ತುಪ್ಪ. ಅವರ ಮುಖ ನೀವು ನೋಡಬೇಕಿತ್ತು.

ಮನೆಗೆ ವಾಪಸ್ ಬರುವಾಗ ಕಾರು ಓಡಿಸುತ್ತಾ ಕೇಳಿದರು, "ಕೈ ನೋಡ್ಬೇಕು ಅಂತ ಹೆಂಗೋ ಹೊಳೀತು ನಿಂಗೆ?"

"ದಟ್ಸ್ ವಾಟ್ ಐ ಡೂ, ಅಪ್ಪ" ಅಂದ ಹಿಂದಿನ ಸೀಟಿನಿಂದ. ಆಮೇಲೆ ತನ್ನ ಇಂಗ್ಲಿಷಿನಲ್ಲೇ ವಿವರಿಸಿದ. ಎದುರು ಟೀಮಿನವರು ಬಲಗಡೆಯಿಂದ ನುಗ್ಗುವವರಂತೆ ಅರಚುತ್ತಾರಂತೆ, ಬರುವುದು ಎಡಗಡೆಯಿಂದ. ಅರಚಾಟ ಕೇಳಬಾರದು, ಅವರ ಕಾಲು ನೋಡಬೇಕು. ಹೋದ ವರ್ಷ ಅರಚಾಟ ನಂಬಿ ಮೂಳೆ ಮುರಿದುಕೊಂಡನಂತೆ. ಈ ವರ್ಷ ಕಾಲು ನೋಡುವುದನ್ನು ಕಲಿತಿದ್ದಾನೆ.

ಸಿಗ್ನಲ್ ಹಸಿರಾದರೂ ಕಾರು ಹೊರಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

"ಆದ್ರೂ ಸಿಡ್ನಿ ಬೇಡ ಕಣೋ..." ಅಂತ ಶುರು ಮಾಡಿದರು, ಸ್ಟಿಯರಿಂಗ್‌ನಿಂದ ಒಂದು ಕೈ ಎತ್ತಿ.

"ಅಪ್ಪ, ದಟ್ಸ್ ಓನ್ಲಿ ಒನ್ ಹ್ಯಾಂಡ್."

ಎಷ್ಟು ತಡೆದರೂ ಯಜಮಾನರಿಗೆ ನಗು ಬಂದೇ ಬಿಟ್ಟಿತು. ನನಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು.

ಮಗ ಸಿಡ್ನಿಗೆ ಟೀಮಿನ ಬಸ್ಸಿನಲ್ಲಿ ಹೋಗುವುದು ಅಂತ ಆಯಿತು. ಮಾರನೇ ದಿನ ಬೆಳಿಗ್ಗೆ ನಾನು ಟ್ರಾವೆಲ್ ಏಜೆಂಟಿಗೆ ಫೋನ್ ಹಚ್ಚುತ್ತಾ, "ನೀವೂ ಬನ್ನಿ, ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಿಮ್ಮ ತಂಗಿ ಮನೇಲಿ ಇದ್ದು ಮ್ಯಾಚ್ ನೋಡ್ಕೊಂಡು ಬರೋಣ" ಅಂದೆ.

"ಛೆ ಛೆ, ನಂಗ್ಯಾಕೆ? ಬೇಡ, ಬೇಡ" ಅಂದರು.

ಕೈ ನೋಡಿದೆ. ಒಂದರಲ್ಲಿ ಪೇಪರ್, ಇನ್ನೊಂದರಲ್ಲಿ ಕಾಫಿ ಲೋಟ.

ಎರಡು ಟಿಕೆಟ್ ಬುಕ್ ಮಾಡಿದೆ.