ಆರು ಪರಮಾಣುಗಳ ಚಿನ್ನ

ಈ ವಿಜ್ಞಾನಿಗೆ ಚಿನ್ನವೆಂದರೆ ಪ್ರಾಣ; ಆದರೆ ಕಣ್ಣಿಗೆ ಕಾಣುವಷ್ಟು ಚಿನ್ನವೆಂದರೆ ತಾತ್ಸಾರ. ಗಾಳಿ ತೆಗೆದ ಉಕ್ಕಿನ ಕೊಳವೆಯೊಳಗೆ ಚಿನ್ನದ ಪರಮಾಣುಗಳ ಪುಟ್ಟ ಗುಂಪುಗಳನ್ನು ತೇಲಿಬಿಟ್ಟು ಕೂತಳೆಂದರೆ, ಹತ್ತಿರ ಯಾರಾದರೂ ಕೆಮ್ಮಿದರೂ ಗದರುತ್ತಾಳೆ. "ಒಂದು ಬಳೆಗಾಗುವಷ್ಟಾದ್ರೂ ಇದೆಯೇನೇ?" ಎಂದು ಪ್ರಯೋಗಾಲಯಕ್ಕೆ ಬಂದ ಅತ್ತಿಗೆ ಛೇಡಿಸಿದರೆ, "ಆರೇ ಆರು ಪರಮಾಣು, ಅತ್ತಿಗೆ. ನಿಮ್ ಬಳೆ ಸೋಮಾರಿ, ಇದು ದುಡಿಯುತ್ತೆ. ಏಳಾದ್ರೆ ಇದೂ ಸೋಮಾರಿನೇ!" ಎನ್ನುತ್ತಾಳೆ. ಆ ಆರು ಪರಮಾಣುಗಳು ಕೊಳವೆಗೆ ಬಿಟ್ಟ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವನ್ನು ಆಮ್ಲಜನಕದೊಂದಿಗೆ ಕೂಡಿಸಿ, ನಾವು ಉಸಿರಲ್ಲಿ ಬಿಡುವ ಗಾಳಿಯಾಗಿಸಿ, ತಾವು ಮಾತ್ರ ಇದ್ದಂತೆಯೇ ಉಳಿಯುತ್ತವೆ. ಮುಚ್ಚಿದ ಕೋಣೆಯಲ್ಲಿ, ಕೆಂಡದ ಒಲೆಯಿಂದ ಬಂದ ಅದೇ ವಿಷಕ್ಕೆ ಅವಳ ಅಣ್ಣ ನಿದ್ದೆಯಲ್ಲೇ ಬಲಿಯಾಗಿದ್ದ. ಕಂಪ್ಯೂಟರ್ ಪರದೆಯ ಮೇಲೆ ವಿಷದ ಪ್ರಮಾಣ ತೋರಿಸುವ ಗೆರೆ ಇಳಿದಾಗಲೆಲ್ಲ ಅತ್ತಿಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಮೆಲ್ಲಗೆ, "ಎಲ್ಲಿ, ಇನ್ನೊಂದ್ಸಲ ತೋರ್ಸೇ" ಎನ್ನುತ್ತಾಳೆ.