ಬೇಲಿ ಬಂದ್ ಮಾಡಿದ ಸಂಜೆ

ಆಕಾಶಗಂಗೆಯಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವುದು ನನ್ನ ಕೆಲಸ. ಅದಕ್ಕೆ ಪೇಟೆಯ ಗದ್ದಲ ಆಗುವುದಿಲ್ಲವೆಂದು ಕಡಬದ ಹತ್ತಿರ, ಗುಡ್ಡದ ಬುಡದ ಅಕ್ಕನ ಮನೆಯಂಗಳದಲ್ಲಿ ಸಣ್ಣದೊಂದು ಆಂಟೆನಾ ನಿಲ್ಲಿಸಿದ್ದೆ. ಹೆಡ್‌ಫೋನ್ ಹಾಕಿದರೆ ಆಕಾಶಕ್ಕಿಂತ ಮೊದಲು ಕೇಳುತ್ತಿದ್ದದ್ದು ಟಿಕ್, ಟಿಕ್, ಟಿಕ್. ಕಾಡುಹಂದಿ ಬಾರದ ಹಾಗೆ ನೆರೆಮನೆಯ ಮಾವ ಬಾಳೆತೋಟದ ಸುತ್ತ ಹಾಕಿಸಿದ್ದ ಸೋಲಾರ್ ಬೇಲಿಯಲ್ಲಿ ಕರೆಂಟು ಮಿಡಿದಾಗಲೆಲ್ಲ ಆಂಟೆನಾಕ್ಕೆ ಸಿಗುತ್ತಿದ್ದ ಸದ್ದು ಅದು.

ಕೊನೆಯ ದಿನ ಬಂತು; ಮರುದಿನ ಬೆಳಿಗ್ಗೆ ನಾನು ಹೊರಡಬೇಕಿತ್ತು. ಇದೊಂದು ಸಂಜೆ, ಒಂದು ಗಂಟೆ ಬೇಲಿ ಬಂದ್ ಮಾಡಿ ಎಂದು ಕೈಮುಗಿದೆ.

"ಹಂದಿ ಬಂದರೆ ಎಂತ ಮಾಡುದು ಮಾರಾಯ? ನಿನ್ನ ಆಕಾಶ ತೋರಿಸುದಾ?" ಎಂದರು ಮಾವ. ಆದರೂ ಬಂದ್ ಮಾಡಿ, ಬಡಿಯಲು ಒಂದು ತಗಡಿನ ಡಬ್ಬ ಹಿಡಿದು ತಾವೇ ಕಾವಲಿಗೆ ಕೂತರು.

ಟಿಕ್ ನಿಂತಿತು. ಆಕಾಶದ ಸರಸರ ಸದ್ದು ತಿಳಿಯಾಗಿ ಕೇಳತೊಡಗಿತು. ನಾನೋ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ತೋಟವನ್ನೇ ಕೇಳುತ್ತಿದ್ದೆ. ಒಣ ಬಾಳೆಲೆ ಅಲ್ಲಾಡಿದರೂ ಏಳುವುದು, ಮತ್ತೆ ಕೂರುವುದು. ಮಾವ ಕೆಮ್ಮಿದರೆ ಸಮಾಧಾನ. ಕೆಮ್ಮದಿದ್ದರೆ ಹಂದಿ ಬಂತೋ, ಅವರೇ ಜಾರಿ ಬಿದ್ದರೋ ಎಂಬ ಹೆದರಿಕೆ. ಗೊನೆ ಬಲಿತ ಹೊತ್ತು ಬೇರೆ. ಅರ್ಧ ಗಂಟೆಯಾಗುವಷ್ಟರಲ್ಲಿ ಅಂಗಳದ ತುದಿಗೆ ಹೋಗಿ ಕೂಗಿದೆ.

"ಮಾವ, ಬೇಲಿಗೆ ಕರೆಂಟ್ ಹಾಕಿ!"

"ಎಂತ, ಇಷ್ಟು ಬೇಗ ಮುಗಿಯಿತಾ ನಿನ್ನ ಆಕಾಶ?"

ಟಿಕ್ ಟಿಕ್ ಮತ್ತೆ ಶುರುವಾದ ಮೇಲೆಯೇ ನಾನು ನೆಟ್ಟಗೆ ಕೂತದ್ದು. ಆ ಸಂಜೆ ರೆಕಾರ್ಡ್ ಮಾಡಿದ್ದರಲ್ಲಿ ಇಂದಿಗೂ ಆಕಾಶಗಂಗೆ ಅರ್ಧ, ಮಾವನ ಬೇಲಿ ಅರ್ಧ.