ಬೇರೆಯವರ ಮನೆಯ ಶ್ರುತಿ

ತುಕ್ಕು ಹಿಡಿದ ತಂತಿಯ ವಾಸನೆ ಕೈಯಿಂದ ಬೇಗ ಹೋಗುವುದಿಲ್ಲ. ಹೋದ ತಿಂಗಳು, ಶಿವಮೊಗ್ಗದ ನವುಲೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕೃಷಿ ಕಾಲೇಜಿನ ಹುಡುಗಿ ತನ್ನ ಗಿಟಾರ್ ಹಿಡಿದುಕೊಂಡು ಕೆಳಗೆ ಬಂದಳು. ಹಳೆಯ ತಂತಿ ತೆಗೆದು ಹೊಸದು ಹಾಕಿಕೊಡಬೇಕಂತೆ. ನಾನು ಒಂದು ಕಾಲದಲ್ಲಿ ನುಡಿಸುತ್ತಿದ್ದೆ ಎಂದು ನನ್ನ ಹೆಂಡತಿ ಅವಳ ಹತ್ತಿರ ಹೇಳಿಬಿಟ್ಟಿದ್ದಳು. ಆರೂ ತಂತಿ ಬಿಚ್ಚಿ, ಹೊಸದನ್ನು ಬಿಗಿದುಕೊಟ್ಟು, ಸೋಪು ಹಾಕಿ ಕೈ ತೊಳೆದು ಊಟಕ್ಕೆ ಕೂತೆ. ಮೊದಲ ತುತ್ತು ಬಾಯಿಯ ಹತ್ತಿರ ಬರುತ್ತಲೇ ಬೆರಳಿನಿಂದ ಆ ವಾಸನೆ ಬಂತು. ಐವತ್ತು ವರ್ಷದ ಹಿಂದಿನ ಭದ್ರಾವತಿಯ ಒಂದು ವಠಾರ, ಒಂದು ಬೆತ್ತದ ಕುರ್ಚಿ, ಅದರಲ್ಲಿ ಕೂತ ಒಬ್ಬ ಮನುಷ್ಯ... ತುತ್ತು ಇಳಿಯಲಿಲ್ಲ.

ಮಾರನೆಯ ದಿನ ಆ ಹುಡುಗಿ ಥ್ಯಾಂಕ್ಸ್ ಹೇಳಲು ಬಂದವಳು ಮೊಬೈಲಿನಲ್ಲಿ ಏನೋ ಹಾಕಿ ತೋರಿಸಿದಳು.

"ತಾತ, ಇದು ಕೇಳಿ. ಸ್ಲ್ಯಾಕ್ ಕೀ ಅಂತಾರೆ. ಹವಾಯಿ ದ್ವೀಪದೋರು ತಂತಿ ಸಡಿಲ ಮಾಡ್ಕೊಂಡು ನುಡಿಸೋದು. ಒಂದೊಂದು ಮನೇಲೂ ಒಂದೊಂದು ಟ್ಯೂನಿಂಗ್ ಇತ್ತಂತೆ, ಹೊರಗಿನೋರಿಗೆ ಹೇಳ್ತಾನೇ ಇರ್ಲಿಲ್ವಂತೆ!"

"ಗೊತ್ತಮ್ಮ" ಎಂದೆ.

"ಅಯ್ಯೋ, ನಿಮಗೆ ಹೆಂಗೆ ಗೊತ್ತು?"

ಅವಳಿಗೆ ಉತ್ತರ ಕೊಡಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದೇ ಸುಲಭ ಎನ್ನಿಸಿತು.

ಆಗ ನನಗೆ ಇಪ್ಪತ್ತನಾಲ್ಕು. ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಗಾರರೇ ತುಂಬಿದ್ದ ಒಂದು ವಠಾರದಲ್ಲಿ ಅಮ್ಮನ ಜೊತೆ ಇದ್ದೆ. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲಿ ಆ ಬೆತ್ತದ ಕುರ್ಚಿಯ ಮನುಷ್ಯ ಇದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಎನ್ನುತ್ತಿದ್ದರು. ತಮಿಳು ಕಡೆಯವರು. ವಯಸ್ಸಿನಲ್ಲಿ ಹಡಗಿನ ಖಲಾಸಿಯಾಗಿ ದೇಶ ಸುತ್ತಿ, ಕೊನೆಗೆ ನಮ್ಮೂರಿನ ಕಾರ್ಖಾನೆಯಲ್ಲೂ ಖಲಾಸಿಯಾಗಿ ಸೇರಿದ್ದರು. "ನೀರಲ್ಲೂ ಖಲಾಸಿ, ನೆಲದಲ್ಲೂ ಖಲಾಸಿ. ಪ್ರಮೋಷನ್ ಮೇಲೆ ಹೋದ್ಮೇಲೇನೇ" ಎಂದು ಆಕಾಶ ತೋರಿಸಿ ನಗುತ್ತಿದ್ದರು. ಹೆಂಡತಿ ತೀರಿಕೊಂಡಿದ್ದಳು. ಐದು ವರ್ಷದ ಒಬ್ಬಳೇ ಮಗಳು. ಅವರು ಪಾಳಿಗೆ ಹೋದಾಗ ಆ ಮಗು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಮ್ಮನ ಕೈಯಿಂದ ಅನ್ನ ತಿನ್ನುತ್ತಿತ್ತು.

ಅವರ ಹತ್ತಿರ ಹಡಗಿನ ಕಾಲದ ಒಂದು ಗಿಟಾರ್ ಇತ್ತು. ಆಗ ನಮ್ಮ ಕಡೆ ಹವಾಯಿಯನ್ ಗಿಟಾರ್ ಎಂದರೆ ತೊಡೆಯ ಮೇಲೆ ಮಲಗಿಸಿಕೊಂಡು ಸ್ಟೀಲ್ ರಾಡು ಜಾರಿಸಿ ನುಡಿಸುವುದು. ಎಲ್ಲ ಆರ್ಕೆಸ್ಟ್ರಾಗಳಲ್ಲೂ ಒಂದು ಇರುತ್ತಿತ್ತು. ಅಣ್ಣ ತನ್ನದೂ ಹವಾಯಿಯದೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವರು ಗಿಟಾರನ್ನು ಎದೆಗೆ ಒರಗಿಸಿಕೊಂಡು ಬರಿಗೈಯಲ್ಲಿ ನುಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ತಂತಿಗಳನ್ನು ಬಿಗಿ ಮಾಡುವ ಬದಲು ಇಳಿಸುತ್ತಿದ್ದರು.

ಒಂದು ವರ್ಷ ಗಣಪತಿ ಪೆಂಡಾಲಿನಲ್ಲಿ ಅವರನ್ನು ನುಡಿಸಲು ಕೂರಿಸಿದರು. ಮುಂದೆ ಕೂತಿದ್ದ ಒಬ್ಬ ಕೂಗಿದ: "ಅಣ್ಣೋ, ರಾಡೆಲ್ಲಿ? ಕಾರ್ಖಾನೇಲಿ ಬಿಟ್ ಬಂದ್ಯಾ?" ಇನ್ನೊಬ್ಬ, "ತಂತಿ ಲೂಸಾಗೈತೆ ಮಾರಾಯ, ನೋಡ್ಕೊ!" ಎಂದ. "ತಂತಿ ಅಲ್ಲ ಕಣೋ, ಅವ್ನೇ ಲೂಸು" ಎಂದು ಮತ್ತೊಬ್ಬ ಸೇರಿಸಿದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು. ಅಂದಿನಿಂದ ವಠಾರದಲ್ಲಿ ಅವರ ಹೆಸರೇ ಲೂಸಣ್ಣ ಎಂದಾಯಿತು.

ಅವರು ನುಡಿಸಿದರೆ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಿಧಾನವಾಗಿ ನಡೆಯುತ್ತಿತ್ತು, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡುತ್ತಿದ್ದವು. ಇಬ್ಬರು ಕೂತು ನುಡಿಸಿದಂತೆ ಕೇಳುತ್ತಿತ್ತು. ಒಬ್ಬರು ಹೇಳುತ್ತಿದ್ದಾರೆ, ಇನ್ನೊಬ್ಬರು ಹೂಂಗುಟ್ಟುತ್ತಿದ್ದಾರೆ... ಹಾಗೆ. ನುಡಿಸಿ ಮುಗಿಸಿದ ಕೂಡಲೇ ಗಿಟಾರಿನ ತಂತಿ ಬಿಗಿಯುವ ಆರೂ ಕಿವಿಗಳನ್ನು ಮನಸ್ಸಿಗೆ ಬಂದಂತೆ ತಿರುವಿ ಶ್ರುತಿ ಕೆಡಿಸಿ, ಆಮೇಲೆಯೇ ಗೋಡೆಗೆ ತೂಗು ಹಾಕುತ್ತಿದ್ದರು. ಯಾಕೆಂದು ಕೇಳಿದೆ.

"ಇದು ಒಂದು ಮನೇದು ತಂಬಿ. ಬೀದೀಲಿ ಬಿಡೋ ಹಂಗಿಲ್ಲ."

ಅವರ ಹಡಗು ಒಮ್ಮೆ ಎಂಜಿನ್ ಕೆಟ್ಟು ಹವಾಯಿಯ ಬಂದರಿನಲ್ಲಿ ಎರಡು ತಿಂಗಳು ನಿಂತಿತ್ತಂತೆ. ಅಲ್ಲಿನ ಒಂದು ಊಟದ ಅಂಗಡಿಯ ಮುದುಕಿ, ಪಾತ್ರೆ ತೊಳೆದುಕೊಟ್ಟರೆ ಊಟ ಹಾಕುತ್ತಿದ್ದಳಂತೆ, ಊಟವಾದ ಮೇಲೆ ಗಿಟಾರ್ ನುಡಿಸುತ್ತಿದ್ದಳಂತೆ. ಅವಳಿಗೆ ಮಕ್ಕಳಿರಲಿಲ್ಲ. ಅಣ್ಣ ಅವಳನ್ನು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಹೊರಡುವ ಹಿಂದಿನ ವಾರ ಇವರನ್ನು ಕರೆದು ತನ್ನ ಮನೆಯ ಶ್ರುತಿಯನ್ನು ಹೇಳಿಕೊಟ್ಟು, "ಇದು ಮನೆಯೊಳಗೇ ಇರಬೇಕು" ಎಂದಳಂತೆ. "ನಂಗೆ ಮನೆ ಎಲ್ಲಿದೆ ಪಾಟೀ ಅಂದೆ. ಇಲ್ದಿದ್ರೆ ಮಾಡ್ಕೋ ಅಂದ್ಳು" ಎಂದು ಅಣ್ಣ ಹೇಳುವಾಗ ಅವರ ಮುಖ ಮಗುವಿನ ಹಾಗಾಗುತ್ತಿತ್ತು. ಆ ಒಂದು ಮಾತಿಗೆ ಹಡಗು ಬಿಟ್ಟು, ಮದುವೆಯಾಗಿ, ಮನೆ ಮಾಡಿದ ಮನುಷ್ಯ ಅವರು.

ಆ ಶ್ರುತಿ ಮಗಳಿಗೆ ಹೋಗಬೇಕಿತ್ತು. ಪ್ರತಿ ಅಮಾವಾಸ್ಯೆಯ ದಿನ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟ ಕೈಯನ್ನು ಗಿಟಾರಿನ ಕತ್ತಿಗೆ ಸುತ್ತಿಸಿ ನೋಡುತ್ತಿದ್ದರು. "ಇನ್ನೂ ಎರಡು ಬೆರಳು ಸಾಲ್ದು. ತಿನ್ನು, ತಿನ್ನು, ಪಕ್ಕದ್ಮನೆ ಅಜ್ಜಿ ಕೊಟ್ಟ ಅನ್ನ ಎಲ್ಲಾ ತಿನ್ನು" ಎನ್ನುತ್ತಿದ್ದರು. ಆದರೆ ಅವರ ಎಡಗೈ ನಡುಗಲು ಶುರುವಾಗಿತ್ತು. ಮೊದಲು ಚಹಾ ಚೆಲ್ಲುತ್ತಿತ್ತು, ಆಮೇಲೆ ತಂತಿ ತಪ್ಪತೊಡಗಿತು. ಆಸ್ಪತ್ರೆಗೆ ಹೋಗಿ ಬಂದ ದಿನ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು.

"ಅವಳ ಕೈ ಬೆಳೆಯೋ ತನಕ ನನ್ನ ಕೈ ಇರಲ್ಲ ತಂಬಿ. ನೀನು ಇಟ್ಕೋ. ಅವಳು ಬಂದು ಕೇಳಿದ್ರೆ ಕೊಡು. ಬರೀಬೇಡ, ಕಿವೀಲಿ ಇಟ್ಕೋ."

ಅಮ್ಮನ ಮೇಲೆ ಆಣೆ ಮಾಡಿ ಒಪ್ಪಿದೆ. ಆರು ತಿಂಗಳು ಕಲಿಸಿದರು. ಮಧ್ಯಾಹ್ನದ ಪಾಳಿಯ ಸೈರನ್ ಕೂಗಿದಾಗ, ಅದರ ಸದ್ದು ಏರಿ ಒಂದೇ ಸಮ ನಿಲ್ಲುವ ಹೊತ್ತು ಕಾದು, ಎಲ್ಲಕ್ಕಿಂತ ದಪ್ಪ ತಂತಿಯನ್ನು ಅದಕ್ಕೆ ಸೇರುವವರೆಗೆ ಇಳಿಸಬೇಕು. ಉಳಿದ ಐದನ್ನು ಅದರಿಂದ ಕಟ್ಟಿಕೊಂಡು ಬರಬೇಕು. "ಆ ಪಾಟಿ ಅಲೆ ಕೇಳಿ ಇಳಿಸ್ತಿದ್ಳು. ನಮಗೆ ಸಮುದ್ರ ಇಲ್ಲ, ಸೈರನ್ ಇದೆ" ಎನ್ನುತ್ತಿದ್ದರು. ಮುದುಕಿಯ ಒಂದು ಹಾಡನ್ನೂ ಕಲಿಸಿದರು. ಹೆಂಡತಿ ಬದುಕಿದ್ದಾಗ ಅವಳಿಗೆಂದು ನುಡಿಸುತ್ತಿದ್ದದ್ದು ಅದನ್ನೇ.

ನಾನು ಆಗ ನಮ್ಮೂರ ಓಲ್ಡ್ ಟೌನಿನ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಾಳ ಹಿಡಿಯುತ್ತಿದ್ದೆ. ಗಿಟಾರಿಗೆ ಬೇರೆಯವನಿದ್ದ. ಒಂದು ದಿನ ರಿಹರ್ಸಲ್ಲಿಗೆ ಅವನು ಬರಲಿಲ್ಲ. ಎಲ್ಲರೂ ಚಹಾಕ್ಕೆ ಹೋಗಿದ್ದಾಗ ನಾನು ಅವನ ಗಿಟಾರ್ ಎತ್ತಿಕೊಂಡು, ತಂತಿ ಇಳಿಸಿ, ಮೆಲ್ಲಗೆ ಆ ಹಾಡು ನುಡಿಸಿದೆ. ಯಾರೂ ಕೇಳಬಾರದೆಂದು ಮೆಲ್ಲಗೆ ನುಡಿಸಿದೆನೋ, ಕೇಳಲಿ ಎಂದೇ ನುಡಿಸಿದೆನೋ... ಇವತ್ತಿಗೂ ನನಗೆ ತಿಳಿದಿಲ್ಲ. ಪಾರ್ಟಿಯ ಮಾಲೀಕ ಬಾಗಿಲಲ್ಲಿ ನಿಂತಿದ್ದ.

"ಅರೆ ಉಸ್ತಾದ್! ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ? ಯಾರ್ದು ಇದು?"

"ನಂದೇ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಮುಂದಿನ ಕಾರ್ಯಕ್ರಮದಿಂದ ನನಗೆ ಮುಂದಿನ ಸಾಲಿನ ಕುರ್ಚಿ, ಹ್ಯಾಂಡ್‌ಬಿಲ್ಲಿನಲ್ಲಿ ನನ್ನ ಫೋಟೋ. ಮೊದಲಿದ್ದ ಗಿಟಾರಿನವನೂ ಜೊತೆಗೆ ನುಡಿಸಲೆಂದು ಮಾಲೀಕ ಶ್ರುತಿಯನ್ನು ಬರೆದುಕೊಡಲು ಹೇಳಿದ. ಬರೆದುಕೊಟ್ಟೆ.

ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ವಧು ಕಾರ್ಖಾನೆಯ ನೌಕರರೊಬ್ಬರ ಮಗಳು. ಅಣ್ಣನಿಗೂ ಕರೆ ಬಂದಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಮಾಲೀಕ ಮೈಕಿನಲ್ಲಿ, "ಈಗ ನಮ್ಮ ಪಾರ್ಟಿಯದೇ ಸ್ವಂತ ಹವಾಯಿ ಟ್ಯೂನು" ಎಂದ. ನಾನು ನುಡಿಸಲು ಶುರು ಮಾಡಿದೆ. ಮಿಮಿಕ್ರಿ ಮಾಡುವವನು ಸೊಂಟಕ್ಕೆ ಒಣಹುಲ್ಲು ಸುತ್ತಿಕೊಂಡು, ಎದೆಗೆ ಎರಡು ತೆಂಗಿನ ಚಿಪ್ಪು ಕಟ್ಟಿಕೊಂಡು ಕುಣಿಯುತ್ತಾ ಬಂದ. ಮಂಟಪ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ಒಂದು ಮಗುವಿನ ದನಿ ಕೇಳಿತು: "ಅಪ್ಪಾ, ನಮ್ಮ ಹಾಡು! ಅಪ್ಪಾ, ಅಮ್ಮನ ಹಾಡು!"

ಅಣ್ಣ ಊಟದ ಸಾಲಿನಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಮಗು ಚಪ್ಪಾಳೆ ತಟ್ಟುತ್ತಿತ್ತು. ನಾನು ನುಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬಹುದಿತ್ತು... ತಂತಿ ಕಡಿಯಿತು ಎಂದಾದರೂ ಹೇಳಬಹುದಿತ್ತು. ಕೊನೆಯವರೆಗೂ ನುಡಿಸಿ, ಎದ್ದು ನಿಂತು ಕೈ ಮುಗಿದೆ. ಆಮೇಲೆ ನೋಡಿದಾಗ ಅವರು ಇರಲಿಲ್ಲ.

ಮರುದಿನ ಬಚ್ಚಲ ಹತ್ತಿರ ಎದುರಾದರು. ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಬಕೆಟ್ ಕೆಳಗಿಟ್ಟು, "ಮೂರನೇ ತಂತಿ ಒಂದು ಚೂರು ಮೇಲಿತ್ತು ತಂಬಿ. ಮಗೂಗೆ ಹೇಳ್ಕೊಡುವಾಗ ಸರಿ ಮಾಡ್ಕೋ" ಎಂದು ಹೇಳಿ ಒಳಗೆ ಹೋದರು. ಅಷ್ಟೇ. ಆ ವರ್ಷವೇ ನಾನು ಕೆಲಸದ ನೆವ ಹೇಳಿ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದುಬಿಟ್ಟೆ. ಮತ್ತೆ ಆ ವಠಾರಕ್ಕೆ ಕಾಲಿಡಲಿಲ್ಲ.

ಇಷ್ಟೇ ಆಗಿದ್ದರೆ ವಯಸ್ಸಿನ ತಪ್ಪು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಹನ್ನೊಂದು ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಹದಿನಾರರ ಹುಡುಗಿ. ಭದ್ರಾವತಿಯಿಂದ ಬಸ್ಸಿನಲ್ಲಿ ಒಬ್ಬಳೇ ಬಂದು, ವಿಳಾಸ ಕೇಳಿಕೊಂಡು ಹುಡುಕಿದ್ದಳು. ನಾನು ಆಗ ಮನೆಯಲ್ಲಿ ನಾಲ್ಕಾರು ಜನಕ್ಕೆ ಗಿಟಾರ್ ಪಾಠ ಹೇಳುತ್ತಿದ್ದೆ. ಅವರೆಲ್ಲ ಚಾಪೆಯ ಮೇಲೆ ಕೂತಿದ್ದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆ ಶ್ರುತಿ ನಾನೇ ಕಂಡುಹಿಡಿದದ್ದು ಎಂದು ಅವರೆಲ್ಲರಿಗೂ ಹೇಳಿದ್ದೆ.

"ಅಪ್ಪ ಹೋಗ್ಬಿಟ್ರು, ಒಂದು ತಿಂಗಳಾಯ್ತು" ಎಂದಳು. "ನಮ್ಮನೆ ಶ್ರುತಿ ನಿಮ್ಮ ಹತ್ರ ಇಟ್ಟಿದೀನಿ, ಹೋಗಿ ಇಸ್ಕೋ ಅಂತ ಹೇಳಿದ್ರು. ನೋಡಿ, ಈಗ ಕೈ ಸಾಕಾಗುತ್ತೆ." ಎಡಗೈಯನ್ನು ಬಿಡಿಸಿ ನನ್ನ ಮುಂದೆ ಹಿಡಿದಳು.

ಚಾಪೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು.

"ಯಾವ್ದಮ್ಮ ಶ್ರುತಿ?" ಎಂದೆ. "ನನ್ನ ಹತ್ರ ಏನೂ ಇಲ್ಲ. ಕಾಯಿಲೆ ಮನುಷ್ಯ, ನಿಮ್ಮಪ್ಪ ಏನೋ ಹೇಳಿರ್ಬೇಕು."

ಅವಳು ಬಿಡಿಸಿದ ಕೈಯನ್ನು ಮೆಲ್ಲಗೆ ಮಡಚಿಕೊಂಡಳು. ನನ್ನ ಹೆಂಡತಿ ಕಾಫಿ ಕುಡಿದು ಹೋಗೆಂದು ಕರೆದಳು. ಹುಡುಗಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು. ನಾನು ಪಾಠ ಮುಂದುವರಿಸಿದೆ. ಆ ದಿನ ಏನು ಪಾಠ ಹೇಳಿದೆ ಎಂಬುದೂ ನೆನಪಿದೆ. ಬೇಡದ್ದೆಲ್ಲ ನೆನಪಿರುತ್ತದೆ. ಮುಂದಿನ ತಿಂಗಳಿನಿಂದ ಪಾಠ ನಿಲ್ಲಿಸಿದೆ. ಗಿಟಾರನ್ನೂ ಮುಟ್ಟಲಿಲ್ಲ.

ಆ ತುತ್ತು ಇಳಿಯದ ದಿನದಿಂದ ನಾನು ಅವಳನ್ನು ಹುಡುಕತೊಡಗಿದೆ. ವಠಾರದ ಹಳಬರೊಬ್ಬರಿಗೆ ಫೋನ್ ಮಾಡಿ, ಅವರಿಂದ ಇನ್ನೊಬ್ಬರಿಗೆ ಮಾಡಿ, ಕೊನೆಗೆ ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಒಂದು ಹಾಸ್ಟೆಲಿನ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ ಎಂದು ತಿಳಿಯಿತು. ಮಹಡಿಯ ಹುಡುಗಿಯ ಗಿಟಾರ್ ಕೇಳಿ ಪಡೆದು, ನಾಲ್ಕು ದಿನ ಕೂತು, ತಂತಿ ಇಳಿಸಿ ಏರಿಸಿ, ಮೂರನೆಯದನ್ನು ಅಣ್ಣ ಹೇಳಿದಂತೆ ಚೂರು ತಗ್ಗಿಸಿ, ಆರನ್ನೂ ಒಂದು ಕಾಗದದಲ್ಲಿ ಬರೆದುಕೊಂಡೆ. ಮೊನ್ನೆ ಬುಧವಾರ ವಿದ್ಯಾರ್ಥಿಗಳು ತುಂಬಿದ್ದ ಬಸ್ಸಿನಲ್ಲಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೋದೆ.

ತಲೆ ಅರ್ಧ ನರೆತ ಹೆಂಗಸು ಮೇಜಿನ ಹಿಂದೆ ಕೂತಿದ್ದಳು. ಯಾರೆಂದು ಹೇಳಿಕೊಂಡೆ. ಗುರುತು ಹಿಡಿದಳು, ಕುರ್ಚಿ ತೋರಿಸಿದಳು. ನಿಂತೇ ಎಲ್ಲವನ್ನೂ ಹೇಳಿದೆ. ಆರ್ಕೆಸ್ಟ್ರಾ, ಮಂಟಪ, ಆ ಭಾನುವಾರ. ಕಾಗದವನ್ನು ಮೇಜಿನ ಮೇಲಿಟ್ಟೆ. ಅದನ್ನು ಅವಳು ನೋಡಲೂ ಇಲ್ಲ.

"ಹಾಗಾದ್ರೆ ಅಪ್ಪ ಹೇಳಿದ್ದು ನಿಜಾನಾ?" ಎಂದಳು.

"ನಿಜ."

"ಆ ಮುದುಕಿ? ಹಡಗು? ಎಲ್ಲಾ?"

"ಎಲ್ಲಾನೂ ನಿಜ."

"ಅವತ್ತು ನೀವು ಇಲ್ಲ ಅಂದ್ರಲ್ಲ, ಬಸ್ಸಲ್ಲಿ ವಾಪಸ್ ಬರ್ತಾನೇ ನಂಗನ್ನಿಸ್ತು, ಅಪ್ಪ ಎಲ್ಲಾ ಕಟ್ಟಿ ಹೇಳಿದ್ರು ಅಂತ. ಹಡಗಿಗೇ ಹೋಗಿರ್ಲಿಲ್ವೇನೋ ಅಂತ. ಆ ಸಿಟ್ಟಲ್ಲಿ ಗಿಟಾರ್ ಹಳೇ ಸಾಮಾನಿನವ್ನಿಗೆ ಕೊಟ್ಟೆ. ನನ್ ಮಕ್ಕಳು ತಾತ ಏನ್ ಮಾಡ್ತಿದ್ರು ಅಂತ ಕೇಳಿದ್ರೆ, ಕಾರ್ಖಾನೇಲಿ ಇದ್ರು, ಸುಳ್ಳು ಹೇಳ್ತಿದ್ರು ಅಂತ ಹೇಳಿದೀನಿ." ಮತ್ತೆ, "ಸುಳ್ಳು ಹೇಳ್ತಿದ್ರು ಅಂತ ಹೇಳಿದೀನಿ ನಾನು" ಎಂದಳು.

ನಾನು ಅವಳಿಗೆ ಕೊಡದೆ ಇಟ್ಟುಕೊಂಡದ್ದು ಆರು ತಂತಿಯ ಶ್ರುತಿ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವಳ ತಂದೆಯನ್ನೇ ಕಿತ್ತುಕೊಂಡಿದ್ದೆ.

ಯಾರೋ ವಿದ್ಯಾರ್ಥಿನಿ ರಜೆ ಚೀಟಿ ಹಿಡಿದುಕೊಂಡು ಒಳಗೆ ಬಂದಳು. ಇವಳು ಸೆರಗಿನಿಂದ ಮುಖ ಒರೆಸಿಕೊಂಡು, ಚೀಟಿಗೆ ಸೀಲು ಹಾಕಿಕೊಟ್ಟಳು. ಆಮೇಲೆ ಮೊಬೈಲ್ ತೆಗೆದು ಯಾರಿಗೋ ಫೋನ್ ಮಾಡಿದಳು. ಮಗನಿಗೆ ಎಂದು ಆಮೇಲೆ ಗೊತ್ತಾಯಿತು. "ತಾತನ ವಿಷ್ಯ ಒಂದು ಹೇಳ್ಬೇಕು ಕಣೋ. ಇಲ್ಲ, ಈಗ್ಲೇ ಕೇಳು" ಎಂದು, ಅವನು ಕೇಳಲು ಒಪ್ಪುತ್ತಿದ್ದಂತೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ನೀವೇ ಹೇಳಿ" ಎಂದಳು.

ಕ್ಷಮೆ ಕೇಳಬೇಕೆಂದು ಹೋದವನು ನಾನು. ಅದಕ್ಕೆ ಜಾಗವೇ ಇರಲಿಲ್ಲ. ಫೋನ್ ಕಿವಿಗೆ ಹಿಡಿದು, ನನ್ನ ಗುರುತೇ ಇಲ್ಲದ ಆ ಹುಡುಗನಿಗೆ ಹೇಳಲು ಶುರು ಮಾಡಿದೆ: "ನಿಮ್ಮ ತಾತ ಹಡಗಿನಲ್ಲಿದ್ರಪ್ಪ..."